ಗಳೆಯ ನೆಗೆತವೂ ಗುರುವಿನ ದೃಷ್ಟಿಯೂ

ಪೋಲ್ ವಾಲ್ಟ್ ಎಂದು ಲೋಕದಲ್ಲಿ ಪ್ರಸಿದ್ಧವಾಗಿರುವ ಗಳೆಯ ನೆಗೆತವು ಅಂಗಸಾಧನೆಯ ಕ್ರೀಡೆಗಳಲ್ಲಿ ಅತ್ಯಂತ ಜಟಿಲವಾದುದು. ಕ್ರೀಡಾಪಟುವು ಉದ್ದವಾದ ಗಳೆಯನ್ನು ಹಿಡಿದು ಸುಮಾರು ೪೦ ಮೀಟರು ದೂರ ಓಡಿಬಂದು, ನೆಲದಲ್ಲಿ ೨೦ ಸೆಂಟಿಮೀಟರು ಆಳಕ್ಕೆ ಹುದುಗಿಸಿರುವ ಪೆಟ್ಟಿಗೆಯಲ್ಲಿ ಅದರ ತುದಿಯನ್ನು ಊರಿ, ನೆಲವನ್ನು ಒದ್ದು ಮೇಲಕ್ಕೆದ್ದು, ತೂಗಿ, ತಲೆಕೆಳಗಾಗಿ, ಮೈಯನ್ನು ಹೊರಳಿಸಿ ಅಡ್ಡಪಟ್ಟಿಯನ್ನು ದಾಟಬೇಕು. ಕಾಲು ನೆಲವನ್ನು ಬಿಟ್ಟ ಮೇಲೆ ಇಷ್ಟೆಲ್ಲ ನಡೆಯುವುದಕ್ಕೆ ಎರಡು ಸೆಕೆಂಡುಗಳೂ ಹಿಡಿಯವು. ಅಷ್ಟರೊಳಗೆ ತನ್ನ ಯಾವ ಅಂಗವು ಎಲ್ಲಿತ್ತು, ಯಾವುದು ಮುಂದಾಯಿತು, ಯಾವುದು ಹಿಂದುಳಿಯಿತು ಎಂಬುದನ್ನು ಅವನು ತಾನೇ ಅರಿಯುವುದೆಂತು? ತನ್ನ ಬೆನ್ನು ತನಗೆ ಕಾಣದೆಂದು ನಮ್ಮ ಹಿರಿಯರು ಹೇಳುವ ಮಾತು ಇಲ್ಲಿ ಅಕ್ಷರಶಃ ಸತ್ಯ. ಆದುದರಿಂದ ಈ ವಿದ್ಯೆಯಲ್ಲಿ ಮುಂದುವರಿಯಬೇಕಾದರೆ ಬದಿಯಲ್ಲಿ ನಿಂತು ನೋಡಿ, ನೋಡಿದುದನ್ನು ಹಿಂದಿರುಗಿಸಿ ಹೇಳುವ ಮತ್ತೊಬ್ಬರ ಕಣ್ಣು ಅವಶ್ಯ. ಆ ಹೇಳಿಕೆಯು ಹೇಗಿದ್ದರೆ ಪಟುವಿಗೆ ಹಿತ, ಹೇಗಿದ್ದರೆ ಅಹಿತ ಎಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ಈ ನೆಗೆತದ ಮರ್ಮವನ್ನು ತಿಳಿಯೋಣ. ಓಟದ ವೇಗವನ್ನು ಎತ್ತರವಾಗಿ ಮಾರ್ಪಡಿಸುವ ಸಾಧನವೇ ಗಳೆ. ಸೆಕೆಂಡಿಗೆ ೯.೫ ಮೀಟರು ವೇಗದಲ್ಲಿ ಓಡುವವನ ಶಕ್ತಿಯೆಲ್ಲವೂ ಸೋರದೆ ಎತ್ತರವಾಗಿ ಪರಿಣಮಿಸಿದರೆ ಅವನ ದೇಹವು ಸುಮಾರು ೪.೬ ಮೀಟರು ಏರಬಲ್ಲುದು. ನಿಂತಿರುವಾಗಲೇ ದೇಹದ ಗುರುತ್ವಕೇಂದ್ರವು ನೆಲದಿಂದ ಸುಮಾರು ಒಂದು ಮೀಟರು ಮೇಲಿರುವುದು. ಮಿಕ್ಕ ಎತ್ತರವನ್ನು ಚಿಮ್ಮುವ ಕಾಲು, ಎಳೆದು ತಳ್ಳುವ ತೋಳುಗಳು ದೊರಕಿಸಿಕೊಡುವುವು. ಹೀಗಿರುವಲ್ಲಿ ಓಟದಲ್ಲಿಯೂ ಗಳೆಯನ್ನು ಊರುವುದರಲ್ಲಿಯೂ ಆದ ನಷ್ಟವನ್ನು ಆಕಾಶದಲ್ಲಿ ತುಂಬಿಕೊಳ್ಳುವುದು ದುಸ್ಸಾಧ್ಯ.

ಆಯುರ್ವೇದದಲ್ಲಿ ಲಕ್ಷಣ ಬೇರೆ, ನಿದಾನ ಬೇರೆ. ಮೈ ಬಿಸಿಯಾಗಿರುವುದು ಲಕ್ಷಣ. ಅದರ ಮೂಲವನ್ನು ಕಂಡುಹಿಡಿಯುವುದು ನಿದಾನ. ಗಳೆಯ ನೆಗೆತದಲ್ಲಿಯೂ ಹಾಗೆಯೇ. ಹುಡುಗನು ಕಾಲುಗಳನ್ನು ಮೇಲೆತ್ತಲಾರದೆ ಅಡ್ಡಪಟ್ಟಿಯನ್ನು ಕೆಡವಿದನೆನ್ನಿ. ನೋಡುವ ಜನರೆಲ್ಲರೂ “ಕಾಲೆತ್ತು, ಕಾಲೆತ್ತು” ಎಂದು ಕೂಗುವರು. ಬಲ್ಲ ಶಿಕ್ಷಕನು ಮಾತ್ರ ನೆಲವನ್ನು ನೋಡಿರುವನು. ಬಲಗೈಯನ್ನು ಮೇಲೆ ಹಿಡಿಯುವವನು ಎಡಗಾಲಿನಿಂದ ಚಿಮ್ಮತಕ್ಕದ್ದು. ಚಿಮ್ಮುವಾಗ ಆ ಕಾಲು ಮೇಲುಗೈಗೆ ಸರಿಯಾಗಿ ಕೆಳಗೆ ಇರತಕ್ಕದ್ದು. ಕೊನೆಯ ಹೆಜ್ಜೆಗಳನ್ನು ಅತಿಯಾಗಿ ಚಾಚಿದವನ ಕಾಲು ಪೆಟ್ಟಿಗೆಯ ಕಡೆಗೆ ಒಂದು ಗೇಣು ಒಳಕ್ಕೆ ಬೀಳುವುದು, ಗಳೆಯು ಅವನನ್ನು ಹಿಂದಕ್ಕೆ ಜಗ್ಗುವುದು, ವೇಗವು ಕುಗ್ಗುವುದು, ತೂಗುವುದಕ್ಕೆ ಅವಕಾಶವೇ ದೊರೆಯದು. ಮೇಲೆ ಕಂಡ ದೋಷದ ಬೀಜವು ಕೆಳಗೆ, ಓಟದಲ್ಲಿಯೇ ಬಿದ್ದಿತ್ತು. ಇಂಥವನಿಗೆ ಕಾಲೆತ್ತೆಂದು ಹೇಳುವುದು ಬೇರು ಒಣಗಿದ ಗಿಡದ ಎಲೆಗೆ ನೀರು ಚಿಮುಕಿಸಿದಂತೆ.

ಆದುದರಿಂದ ಅನುಭವಶಾಲಿಗಳಾದ ಶಿಕ್ಷಕರು ಕೇವಲ ಕಣ್ಣಂದಾಜನ್ನು ನೆಚ್ಚದೆ ಗುರುತುಗಳನ್ನು ಇಟ್ಟುಕೊಳ್ಳುವರು. ಚಿಮ್ಮುವ ಸ್ಥಳಕ್ಕೆ ಆರು ಹೆಜ್ಜೆ ಹಿಂದೆ ಓಟದ ಹಾದಿಯ ಪಕ್ಕದಲ್ಲಿ ಒಂದು ಗುರುತು; ಚಿಮ್ಮುವಲ್ಲಿ ಮತ್ತೊಂದು. ಪಟುವಿನ ಕಾಲು ಮೊದಲ ಗುರುತಿನ ಮೇಲೆ ಸರಿಯಾಗಿ ಬಿದ್ದು ಎರಡನೆಯದರಲ್ಲಿ ತಪ್ಪಿದರೆ ದೋಷವು ಕೊನೆಯ ಆರು ಹೆಜ್ಜೆಗಳಲ್ಲಿದೆ. ಮೊದಲನೆಯದರಲ್ಲಿಯೇ ತಪ್ಪಿದರೆ ಓಟದ ಆರಂಭದಲ್ಲಿದೆ. ಹೀಗೆ ಎರಡು ಗುರುತುಗಳಿಂದ ರೋಗದ ಸ್ಥಾನವು ಗೊತ್ತಾಗುವುದು. ಗಳೆಯೂ ತನ್ನದೇ ರೀತಿಯಲ್ಲಿ ವರದಿಯನ್ನು ಒಪ್ಪಿಸುವುದು. ಅದು ನೆಟ್ಟಗೆ ನಿಲ್ಲದೆ ಪಟುವನ್ನು ಓಟದ ಹಾದಿಯ ಕಡೆಗೇ ಹಿಂದಿರುಗಿಸಿದರೆ ಹಿಡಿತವನ್ನು ತಗ್ಗಿಸಬೇಕು, ಇಲ್ಲವೆ ಮೆದುವಾದ ಗಳೆಯನ್ನು ಕೊಡಬೇಕು. ಅತಿ ಬೇಗನೆ ನೆಟ್ಟಗಾಗಿ ಅವನನ್ನು ಮುಂದಕ್ಕೆ ಎಸೆದರೆ ಬಿರುಸಾದ ಗಳೆ ಬೇಕು. ಅಡ್ಡಪಟ್ಟಿಯನ್ನು ಪೆಟ್ಟಿಗೆಯ ಹಿಂಗೋಡೆಯಿಂದ ಆಚೆಗೆ ೮೦ ಸೆಂಟಿಮೀಟರುಗಳವರೆಗೆ ಸರಿಸಿಕೊಳ್ಳಲು ನಿಯಮವು ಅವಕಾಶ ಕೊಟ್ಟಿದೆ. ತಾನು ಅತ್ಯಂತ ಎತ್ತರಕ್ಕೇರಿದುದು ಪಟ್ಟಿಯ ಈಚೆಗೋ ಆಚೆಗೋ ಎಂಬುದು ಪಟುವಿಗೆ ಕಾಣದು, ಬದಿಯಲ್ಲಿದ್ದವನಿಗೆ ಕಾಣುವುದು.

ಕಂಡುದನ್ನು ಹೇಳುವುದು ಹೇಗೆ? ನೋಡುವುದಕ್ಕಿಂತ ಇದು ಕಷ್ಟ. ನಮ್ಮ ಅಧ್ಯಾಪಕ ಜೀವನದಲ್ಲಿ ಕಂಡ ಒಂದು ಮಾತನ್ನು ಇಲ್ಲಿ ಹೇಳಬಹುದು: ಒಂದು ಶ್ಲೋಕವನ್ನು ಪಠಿಸಿದ ಬಾಲಕನಿಗೆ ಸ್ವರ, ಮಾತ್ರೆ, ಉಚ್ಚಾರ, ಯತಿ ಎಂದು ನಾಲ್ಕು ದೋಷಗಳನ್ನು ಒಮ್ಮೆಗೇ ತೋರಿಸಿದರೆ ಮರುಸಲ ಅವನು ಐದು ದೋಷಗಳನ್ನು ಮಾಡುವನು. ಗಳೆಯನ್ನು ಹಿಡಿದವನಿಗಾದರೋ ಯೋಚಿಸುವುದಕ್ಕೆ ಅಷ್ಟು ಹೊತ್ತೂ ಇಲ್ಲ. ಆದುದರಿಂದ ಒಂದು ನೆಗೆತಕ್ಕೆ ಒಂದೇ ಮಾತು. ಅದೂ ನಿಷೇಧರೂಪವಾಗಿರದೆ ವಿಧಿರೂಪವಾಗಿರಬೇಕು. “ಹೆಜ್ಜೆ ಚಾಚಬೇಡ” ಎಂದರೆ ಚಾಚುವುದೇ ನೆನಪಿನಲ್ಲಿ ನಿಲ್ಲುವುದು. “ಕೊನೆಯ ಹೆಜ್ಜೆಗಳನ್ನು ಚುರುಕಾಗಿ ಇಡು, ಕೈಗಳನ್ನು ಬೇಗ ಮೇಲೆತ್ತು” ಎಂದರೆ ಮೈಗೆ ದಾರಿ ತೋರುವುದು. ಇದಕ್ಕೂ ಮೊದಲು “ನಿನಗೆ ಹೇಗೆನಿಸಿತು?” ಎಂದು ಕೇಳುವುದು ಉತ್ತಮ. ಅವನ ಅನುಭವವನ್ನೂ ತನ್ನ ನೋಟವನ್ನೂ ಗುರುವು ಹೋಲಿಸಿ ತೋರಿಸಿದಾಗ, ಮುಂದೆ ಅಂಥದೇ ಅನುಭವವಾದೊಡನೆ ಶಿಷ್ಯನು ತಾನೇ ದೋಷವನ್ನು ಗುರುತಿಸಬಲ್ಲನು. ಈಗ ಮೊಬೈಲಿನಲ್ಲಿ ನೆಗೆತವನ್ನು ಚಿತ್ರಿಸಿಕೊಂಡು ನಿಧಾನವಾಗಿ ನೋಡುವ ಸೌಕರ್ಯವೂ ಒದಗಿದೆ. ಇದು ಬಹು ಉಪಕಾರಿ. ಆದರೆ ಏನನ್ನು ನೋಡಬೇಕೆಂದು ತಿಳಿಯದವನಿಗೆ ಚಿತ್ರವೂ ಕುರುಡನ ಕೈಯ ಕನ್ನಡಿಯಾದೀತು.

ಇನ್ನೊಂದು ಸೂಕ್ಷ್ಮವುಂಟು. ಪ್ರತಿಯೊಂದು ನೆಗೆತಕ್ಕೂ ತಪ್ಪದೆ ತಿದ್ದುಪಡಿ ಹೇಳುವುದು ಒಳ್ಳೆಯದೆಂದೇ ಯಾರಿಗಾದರೂ ತೋರೀತು. ಅಂಗಚಲನೆಯ ಶಿಕ್ಷಣವನ್ನು ಕುರಿತು ಸಾಲ್ಮೋನಿ, ಶ್ಮಿಟ್, ವಾಲ್ಟರ್ ಎಂಬ ವಿದ್ವಾಂಸರು ೧೯೮೪ರಲ್ಲಿ ಹಿಂದಿನ ಪ್ರಯೋಗಗಳನ್ನೆಲ್ಲ ಪರಾಮರ್ಶಿಸಿ ಬೇರೆ ಅಭಿಪ್ರಾಯವನ್ನು ಪ್ರಕಟಿಸಿದರು. ಸದಾ ದೊರೆಯುವ ಸೂಚನೆಯು ಆ ಹೊತ್ತಿಗೆ ಸಾಧನೆಯನ್ನು ಹೆಚ್ಚಿಸುವುದು ನಿಜ. ಆದರೆ ಕಲಿಯುವವನು ಅದನ್ನೇ ಊರುಗೋಲಾಗಿ ಹಿಡಿದು, ಅದು ಇಲ್ಲದಾದಾಗ ಎಡವುವನು. ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ಒಂದು ಪ್ರಯತ್ನವನ್ನು ಆರಂಭಿಸಲು ದೊರೆಯುವ ಕಾಲವು ಒಂದೇ ನಿಮಿಷ. ಒಂದಾದ ಮೇಲೊಂದು ಮೂರು ಬಾರಿ ಸೋತರೆ ಹೊರಗೆ. ಓಟವು ಆರಂಭವಾದ ಮೇಲೆ ಗುರುವಿನ ಮಾತು ಮುಟ್ಟದು. ಅಭ್ಯಾಸಕಾಲದಲ್ಲಿಯೇ ಕೆಲವು ನೆಗೆತಗಳನ್ನು ಮೌನವಾಗಿ ನೋಡಿ ಬಿಡುವ ಗುರುವು ಶಿಷ್ಯನನ್ನು ಆ ಒಂಟಿ ಗಳಿಗೆಗೆ ಸಿದ್ಧಪಡಿಸುತ್ತಿರುವನು.

ಎಲ್ಲವೂ ಗಳೆಯ ಮಹಿಮೆ ಎನ್ನುವವರುಂಟು. ಕಾಚನಾರಿನ ಬಳುಕುವ ಗಳೆಗಳು ಬಂದ ಮೇಲೆ ಎತ್ತರಗಳು ಏರಿದುದು ನಿಜವೇ. ಆದರೂ ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ ಎಂಬಾತನು ಬಿದಿರಿನ ಗಳೆಯಿಂದಲೇ ೧೯೪೨ರಲ್ಲಿ ೪.೭೭ ಮೀಟರು ದಾಟಿದನು. ೧೯೫೭ರವರೆಗೆ ಅದನ್ನು ಮೀರಿಸುವವರು ಹುಟ್ಟಲಿಲ್ಲ. ಸೋವಿಯತ್ ನಾಡಿನ ಸೆರ್ಗೇಯ್ ಬುಬ್ಕಾ ೧೯೮೫ರಲ್ಲಿ ಪ್ಯಾರಿಸ್ಸಿನಲ್ಲಿ ೬ ಮೀಟರನ್ನು ಮೊಟ್ಟಮೊದಲು ದಾಟಿದನು. ಅವನ ಹಿಂದೆ ಬಾಲ್ಯದಿಂದಲೂ ತಿದ್ದಿದ ವಿಟಾಲಿ ಪೆಟ್ರೋವ್ ಎಂಬ ಗುರುವಿನ ಕಣ್ಣಿತ್ತು. ಸ್ವೀಡನ್ನಿನ ಪರವಾಗಿ ೨೦೨೫ರಲ್ಲಿ ಟೋಕಿಯೋದಲ್ಲಿ ೬.೩೦ ಮೀಟರು ದಾಟಿದ ಆರ್ಮಾಂಡ್ ಡುಪ್ಲಾಂಟಿಸ್ ಅಮೆರಿಕದ ಲಫಾಯೆಟ್ ಊರಿನಲ್ಲಿ ತಮ್ಮ ಮನೆಯ ಹಿತ್ತಲಿನಲ್ಲಿಯೇ ಈ ವಿದ್ಯೆಯನ್ನು ಆರಂಭಿಸಿದವನು. ತಂದೆ ಗ್ರೆಗ್ ಸ್ವತಃ ೫.೮೦ ಮೀಟರು ದಾಟಿದ ಪಟು. ತಾಯಿ ಹೆಲೆನಾ ಸಹ ಕ್ರೀಡಾಪಟುವಾಗಿದ್ದವರು. ತಂದೆತಾಯಿಗಳೇ ಗುರುಗಳಾದ ಮನೆ ಅದು.

ಗೃಹಸ್ಥರಾದ ವಾಚಕರಿಗೆ ಎರಡು ಮಾತು. ಮಕ್ಕಳು ಇದನ್ನು ಕಂಡು ಉತ್ಸಾಹಗೊಂಡು ಹಿತ್ತಲಿನ ಬಿದಿರನ್ನೆತ್ತಿಕೊಂಡು ನೆಗೆಯಲು ಹೊರಟರೆ ತಡೆಯತಕ್ಕದ್ದು. ಯೋಗ್ಯವಾದ ಗಳೆ, ದಪ್ಪನಾದ ಮೆತ್ತೆ, ಬಲ್ಲ ಶಿಕ್ಷಕ—ಈ ಮೂರರಲ್ಲಿ ಒಂದಿಲ್ಲದಿದ್ದರೂ ತಲೆಗೂ ಬೆನ್ನಿಗೂ ಅಪಾಯ. ಎರಡನೆಯದಾಗಿ, ಮಕ್ಕಳು ಯಾವ ವಿದ್ಯೆಯನ್ನೇ ಕಲಿಯುತ್ತಿರಲಿ, ತಿದ್ದುವ ನಾಲಗೆಯನ್ನು ಝಳಪಿಸುವುದಕ್ಕೆ ಮುಂಚೆ ಬದಿಯಲ್ಲಿ ನಿಂತು ಪೂರ್ತಿಯಾಗಿ ನೋಡುವ ತಾಳ್ಮೆಯನ್ನು ತಂದುಕೊಳ್ಳಬೇಕು. ಬಿದ್ದ ಅಡ್ಡಪಟ್ಟಿಯನ್ನು ಎಲ್ಲರೂ ಕಾಣಬಲ್ಲರು. ಅದು ಬೀಳುವುದಕ್ಕೆ ಆರು ಹೆಜ್ಜೆ ಹಿಂದೆ ಏನಾಯಿತೆಂದು ಕಂಡು, ಅದನ್ನು ಒಂದೇ ಮಾತಿನಲ್ಲಿ ಹೇಳಿ, ಅನಂತರ ಸುಮ್ಮನಾಗಬಲ್ಲವರು ವಿರಳ.