ಫಿಸಿಕ್ಸ್ ಇಷ್ಟ, ಕೋಡಿಂಗ್ ಕಷ್ಟ: ಕ್ವಾಂಟಮ್ ಓದಬಹುದೇ?

ಬಿಎಸ್ಸಿ ಕೊನೆಯ ವರ್ಷಕ್ಕೆ ಬರುವಾಗ ಹಲವು ಮನೆಗಳಲ್ಲಿ ಈ ಮಾತು ಬರುತ್ತದೆ. ಮಗಳಿಗೆ ಭೌತಶಾಸ್ತ್ರ ಅಂದರೆ ಪ್ರಾಣ, ಕಂಪ್ಯೂಟರ್ ಅಂದರೆ ತಲೆನೋವು. ‘ಈಗ ಕ್ವಾಂಟಮ್‌ನದ್ದೇ ಸುದ್ದಿ, ಅದನ್ನಾದರೂ ಓದು’ ಎಂದು ಮನೆಯವರು. ‘ಅದೂ ಕಂಪ್ಯೂಟರೇ ಅಲ್ವಾ?’ ಎಂದು ಅವಳು.

ಅಲ್ಲ, ಪೂರ್ತಿ ಅಲ್ಲ. 1984ರಲ್ಲಿ ಬೆನೆಟ್ ಮತ್ತು ಬ್ರಸಾರ್ ಎಂಬಿಬ್ಬರು ಗುಟ್ಟಿನ ಕೀಲಿಯನ್ನು ಬೆಳಕಿನಲ್ಲಿ ಕಳಿಸುವ ದಾರಿ ತೋರಿಸಿದರು. ಒಂದೊಂದು ಫೋಟಾನನ್ನು ನಾಲ್ಕು ಬಗೆಯ ಧ್ರುವೀಕರಣದಲ್ಲಿ ಯಾವುದಾದರೂ ಒಂದರಲ್ಲಿಟ್ಟು ಕಳಿಸುವುದು. ನಡುವೆ ಯಾರಾದರೂ ಕದ್ದು ಅಳೆದರೆ ಅದರ ಸ್ಥಿತಿ ಕೆಡುತ್ತದೆ, ಕಳ್ಳತನ ಸಿಕ್ಕಿಬೀಳುತ್ತದೆ. ಪಿಯುಸಿಯ ಪೋಲರಾಯ್ಡ್ ಪಾಠ ಇಷ್ಟಪಟ್ಟವರಿಗೆ ಇದು ಅನ್ಯ ವಿಷಯವೇ ಅಲ್ಲ. ಹೆಣೆದುಕೊಂಡ ಫೋಟಾನುಗಳ ಪ್ರಯೋಗಕ್ಕೆ 2022ರಲ್ಲಿ ಆಸ್ಪೆ, ಕ್ಲಾಸರ್, ಝೈಲಿಂಗರ್ ಪಡೆದದ್ದೂ ಭೌತಶಾಸ್ತ್ರದ ನೊಬೆಲ್ಲೇ.

ಇಲ್ಲಿ ನಿಜವಾಗಿ ಬೇಕಾದದ್ದು ಮ್ಯಾಟ್ರಿಕ್ಸ್, ವೆಕ್ಟರ್, ಸಂಕೀರ್ಣ ಸಂಖ್ಯೆಗಳ ಗಣಿತ. ಅದು ಬೇಡವೆನ್ನುವವರಿಗೆ ಈ ದಾರಿ ಕಷ್ಟ. ಅಲ್ಗಾರಿದಮ್ ಬೇಸರವಾದರೆ ಆ ಕವಲು ಬಿಟ್ಟು ಲೇಸರ್, ಅಯಾನು, ಅತಿಶೀತದ ಸರ್ಕ್ಯೂಟುಗಳ ಕಡೆ ಹೋಗಬಹುದು. ಆದರೆ ಒಂದು ಮಾತು: ಲೆಕ್ಕ ಹಾಕಲು, ಗ್ರಾಫ್ ಎಳೆಯಲು ಸ್ವಲ್ಪ ಪೈಥಾನ್ ಬೇಕೇ ಬೇಕು. ಅದು ಇಂದು ಭೌತಶಾಸ್ತ್ರದ ಯಾವ ಶಾಖೆಗೆ ಹೋದರೂ ತಪ್ಪದು.

ಒಂದು ಸುಲಭ ಪರೀಕ್ಷೆ ಇದೆ. ನೀಲ್ಸನ್ ಮತ್ತು ಚುವಾಂಗ್ ಬರೆದ ಪಠ್ಯಪುಸ್ತಕದ ಎರಡನೇ ಅಧ್ಯಾಯ ಕ್ವಾಂಟಮ್ ಮೆಕ್ಯಾನಿಕ್ಸ್, ಮೂರನೆಯದು ಕಂಪ್ಯೂಟರ್ ಸೈನ್ಸ್. ರಜೆಯಲ್ಲಿ ಎರಡನೆಯದನ್ನು ಲೆಕ್ಕ ಬಿಡಿಸುತ್ತಾ ಓದಲಿ. ಅದು ಹಿಡಿಸಿದರೆ ಮೂರನೆಯದು ಹಿಡಿಸದಿದ್ದರೂ ಗಾಬರಿ ಬೇಡ. ಎರಡನೆಯದೇ ಬೇಡವೆನಿಸಿದರೆ ಸುದ್ದಿ ನೋಡಿ ಹೋಗುವುದು ಬೇಡ.

ಹೆತ್ತವರು ಕೇಳುವುದು ಕೆಲಸದ ಬಗ್ಗೆ. ಕೇಂದ್ರ ಸರಕಾರ 2023ರಲ್ಲಿ 6,003.65 ಕೋಟಿ ರೂ.ಗಳ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಬೆಂಗಳೂರಿನ ಐಐಎಸ್‌ಸಿ, ರಾಮನ್ ಸಂಶೋಧನಾ ಸಂಸ್ಥೆಗಳಲ್ಲಿ ಈ ಕೆಲಸ ನಡೆಯುತ್ತಿದೆ. ಆದರೆ ಇದು ಡಿಗ್ರಿ ಮುಗಿದ ಕೂಡಲೇ ಸಂಬಳ ಬರುವ ದಾರಿಯಲ್ಲ. ಎಂಎಸ್ಸಿ, ಆಮೇಲೆ ಹೆಚ್ಚಿನವರಿಗೆ ಪಿಎಚ್‌ಡಿ. ಜೆಆರ್‌ಎಫ್ ಸಿಕ್ಕಿದರೆ ತಿಂಗಳಿಗೆ 37,000 ರೂ. ಬರುತ್ತದೆ, ಅಲ್ಲಿವರೆಗೆ ಮನೆಯವರು ಕಾಯಬೇಕು.

ಆದ್ದರಿಂದ ‘ಕೋಡಿಂಗ್ ಬರುತ್ತಾ?’ ಎಂದು ಕೇಳುವ ಮೊದಲು ಮನೆಯಲ್ಲಿ ಎರಡು ಪ್ರಶ್ನೆ ಕೇಳಿ: ಅವಳಿಗೆ ಆ ಗಣಿತ ಹಿಡಿಸುತ್ತದಾ? ನಮಗೆ ಅಷ್ಟು ವರ್ಷ ಕಾಯಲು ಆಗುತ್ತದಾ? ಎರಡಕ್ಕೂ ಹೌದು ಎಂದಾದರೆ ಕಳಿಸಿ.