ಹೇಳಿದಂತೆ ಜಾರುವ ಕಾರು

ಮೋಟಾರು ಕಾರು ಹುಟ್ಟಿದಂದಿನಿಂದ ಅದನ್ನು ಕಟ್ಟುವವರೂ ನಡೆಸುವವರೂ ಬಯಸುತ್ತ ಬಂದಿರುವುದು ಒಂದನ್ನೇ: ಚಕ್ರ ನೆಲವನ್ನು ಬಿಗಿಯಾಗಿ ಹಿಡಿದಿರಬೇಕು, ಜಾರಕೂಡದು. ಇದಕ್ಕೆ ನೇರವಾಗಿ ವಿರುದ್ಧವಾದ ಪಂದ್ಯವೊಂದು ಜಪಾನಿನಲ್ಲಿ ಬೆಳೆದುಬಂದಿದೆ. ಅದಕ್ಕೆ 'ಡ್ರಿಫ್ಟಿಂಗ್' ಎಂದು ಹೆಸರು; ನಾವು ಅದನ್ನು ಜಾರಾಟವೆಂದು ಕರೆಯಬಹುದು. ಇದರಲ್ಲಿ ಕಾರಿನ ಹಿಂಭಾಗ ತಿರುವಿನ ಹೊರಮಗ್ಗುಲಿಗೆ ಜಾರುತ್ತಲೇ ಇರುತ್ತದೆ. ಕಾರು ಓರೆಯಾಗಿಯೇ ತಿರುವಿನುದ್ದಕ್ಕೂ ಸಾಗುತ್ತದೆ. ಮೊದಲು ಗುರಿ ಮುಟ್ಟಿದವನಿಗೆ ಇಲ್ಲಿ ಗೆಲವಿಲ್ಲ. ಕಾರು ಹಿಡಿದ ದಾರಿ, ಓರೆಯಾದ ಕೋನ, ಜಾರುವಾಗಿನ ವೇಗ ಇವುಗಳನ್ನು ನೋಡಿ ತೀರ್ಪುಗಾರರು ಅಂಕ ಕೊಡುತ್ತಾರೆ.

ಈ ಆಟದ ಮೂಲ 1970ರ ದಶಕದಲ್ಲಿದೆ. ಜಪಾನಿನ ಪಂದ್ಯಗಾರ ಕುನಿಮಿತ್ಸು ತಕಾಹಾಶಿಯವರು ತಿರುವಿನ ಮೊದಲಲ್ಲೇ ಕಾರನ್ನು ಜಾರಿಸಿ, ಆ ಜಾರಿಕೆಯನ್ನು ಕೈವಶದಲ್ಲಿಟ್ಟುಕೊಂಡು ತಿರುವನ್ನು ದಾಟುತ್ತಿದ್ದರು. ಅದನ್ನು ಕಂಡು ಮೆಚ್ಚಿದ ಕೇಯಿಚಿ ತ್ಸುಚಿಯಾ ಎಂಬುವರು ಘಟ್ಟದ ರಸ್ತೆಗಳಲ್ಲಿ ಅಭ್ಯಾಸ ಮಾಡಿ ಆ ವಿದ್ಯೆಯನ್ನು ಬೆಳೆಸಿದರು. 1987ರಲ್ಲಿ ಅವರ ಚಾಲನೆಯ ವಿಡಿಯೊ ಹೊರಬಂದ ಮೇಲೆ ಅದರ ಖ್ಯಾತಿ ಹಬ್ಬಿತು. ಅವರ ಹೆಸರಿನೊಡನೆ ಸೇರಿಹೋಗಿರುವ ಕಾರು ಟೊಯೋಟಾ ಕಂಪನಿ 1983ರಿಂದ 1987ರ ವರೆಗೆ ತಯಾರಿಸಿದ 'ಎಇ86' ಮಾದರಿಯದು. 1.6 ಲೀಟರಿನ ಎಂಜಿನು, ಸುಮಾರು 130 ಅಶ್ವಶಕ್ತಿ, ಒಂದು ಟನ್ನಿಗೆ ತುಸು ಕಡಮೆ ತೂಕ. ಅದರ ಬಂಡವಾಳ ಇಷ್ಟೆ. 'ಡಿ1 ಗ್ರಾಂ ಪ್ರಿ' ಎಂಬ ಜಾರಾಟದ ಪಂದ್ಯಮಾಲೆ 2001ರಲ್ಲಿ ಮೊದಲಾಯಿತು. ಮರುವರ್ಷವೇ, 2002ರಲ್ಲಿ, ಕತ್ಸುಹಿರೊ ಉಯೆಓ ಅದನ್ನು ಗೆದ್ದುದು ಇದೇ ಎಇ86ರಲ್ಲಿ. ತಯಾರಿಕೆ ನಿಂತು 15 ವರ್ಷವಾಗಿದ್ದ ಕಾರೊಂದು ತನಗಿಂತ ಬಲಶಾಲಿಯಾದ ಕಾರುಗಳ ನಡುವೆ ಗೆಲ್ಲುವುದು ಹೇಗೆ ಸಾಧ್ಯವಾಯಿತು?

ಚಾಲಕನ ಕೌಶಲವಂತೂ ಸರಿಯೆ. ಆದರೆ ಹಳೆಯ ಕಾರನ್ನು ಜಾರಾಟಕ್ಕೆ ಅಣಿಗೊಳಿಸುವ ಕ್ರಮವನ್ನು ನೋಡಿದರೆ ಇನ್ನೊಂದು ಉತ್ತರವೂ ದೊರೆಯುತ್ತದೆ. ಎಂಜಿನಿನ ಬಲವನ್ನು ಹೆಚ್ಚಿಸುವುದು ಅಲ್ಲಿ ಕಡೆಯ ಕೆಲಸ. ಬೇಕೆಂದಾಗ ಜಾರಿ, ಸಾಕೆಂದಾಗ ನೆಲ ಹಿಡಿಯುವಂತೆ ಕಾರನ್ನು ಹದಗೊಳಿಸುವುದೇ ಮೊದಲ ಕೆಲಸ.

ಇದು ಅರ್ಥವಾಗಬೇಕಾದರೆ ಟೈರು ಮತ್ತು ನೆಲದ ನಡುವಣ ಘರ್ಷಣೆಯ ಲೆಕ್ಕವನ್ನು ತಿಳಿಯಬೇಕು. ಟೈರೊಂದು ನೆಲದಿಂದ ಪಡೆಯಬಹುದಾದ ಬಲಕ್ಕೆ ಒಂದು ಮಿತಿ ಉಂಟು. ಕಾರನ್ನು ಮುಂದೆ ತಳ್ಳುವುದಕ್ಕೂ ತಿರುವಿನಲ್ಲಿ ಒಳಕ್ಕೆ ಎಳೆಯುವುದಕ್ಕೂ ಬೇಕಾದ ಬಲ ಆ ಮಿತಿಯೊಳಗಿನಿಂದಲೇ ಬರಬೇಕು. ಒಂದೇ ಜೇಬಿನ ಹಣವನ್ನು ಎರಡು ಖರ್ಚಿಗೆ ಹಂಚಿದಂತೆ ಇದು. ಆದರೆ ಇಲ್ಲಿನ ಹಂಚಿಕೆ ಬರಿಯ ಕೂಡುವ ಲೆಕ್ಕದ್ದಲ್ಲ, ಪೈಥಾಗೊರಸನ ಪ್ರಮೇಯದ್ದು. ಒಟ್ಟು ಬಲ 10 ಪಾಲು ಎಂದಿಟ್ಟುಕೊಳ್ಳೋಣ. ಅದರಲ್ಲಿ 8 ಪಾಲನ್ನು ತಳ್ಳುವುದಕ್ಕೆ ಬಳಸಿದರೆ ಪಕ್ಕದ ಹಿಡಿತಕ್ಕೆ ಉಳಿಯುವುದು 6 ಪಾಲು. ಇನ್ನೂ ಹೆಚ್ಚು ತಳ್ಳಿದರೆ ಚಕ್ರ ನೆಲದ ಮೇಲೆ ಗಿರ್ರನೆ ಸುತ್ತತೊಡಗಿ, ಪಕ್ಕದ ಹಿಡಿತ ತೀರ ಕುಗ್ಗುತ್ತದೆ. ಎಇ86ರಲ್ಲಿ ಎಂಜಿನಿನ ಬಲ ಹೋಗುವುದು ಹಿಂಚಕ್ರಗಳಿಗೆ. ಆದುದರಿಂದ ವೇಗವರ್ಧಕವನ್ನು ಒತ್ತಿದಾಗ ಜಾರುವುದು ಹಿಂಭಾಗ. ಮುಂಚಕ್ರಗಳ ಹಿಡಿತವೆಲ್ಲ ದಿಕ್ಕನ್ನು ಕಾಯುವುದಕ್ಕೆ ಉಳಿದಿರುತ್ತದೆ. ಜಾರಾಟಕ್ಕೆ ಹಿಂಚಕ್ರದಿಂದ ನಡೆಯುವ ಕಾರನ್ನೇ ಆರಿಸುವುದು ಇದಕ್ಕಾಗಿ.

ಹಳೆಯ ಕಾರಿನ ಮೊದಲ ಶತ್ರು ಅದರ ವಯಸ್ಸು. ಅಚ್ಚು ಮತ್ತು ತೂಗುವ ತೋಳುಗಳ ಸಂಧಿಗಳಲ್ಲಿರುವ ರಬ್ಬರಿನ ಬುಷ್‌ಗಳು ಕಾಲಕ್ರಮದಲ್ಲಿ ಬಿರಿದು ಸಡಿಲವಾಗುತ್ತವೆ. ಆಗ ಚಾಲಕ ಒಂದು ಕಡೆಗೆ ತಿರುಗಿಸಿದರೆ ಚಕ್ರ ಅರೆಕ್ಷಣ ತಡೆದು ಅದನ್ನು ಪಾಲಿಸುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಅರ್ಧ ಸೆಕೆಂಡಿನಲ್ಲಿ ಕಾರು 8 ಮೀಟರಿಗೂ ಮಿಕ್ಕಿ ಸಾಗಿರುತ್ತದೆ! ಬುಷ್‌ಗಳು, ಬಾಲ್ ಜಾಯಿಂಟುಗಳು, ಚಕ್ರದ ಬೇರಿಂಗುಗಳು ಇವುಗಳಲ್ಲಿ ಸವೆದುದನ್ನು ಬದಲಿಸದೆ ಮುಂದುವರಿಯುವುದು ವ್ಯರ್ಥ. ಸ್ಪ್ರಿಂಗು ಮತ್ತು ಷಾಕ್ ಅಬ್ಸಾರ್ಬರುಗಳನ್ನು ಬಿಗಿದಿರುವ ಕಡೆಗಳಲ್ಲಿ ತುಕ್ಕು ಹಿಡಿದಿದ್ದರೆ, ಆ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕು. ಬಣ್ಣ ಬಳಿದು ತುಕ್ಕನ್ನು ಮುಚ್ಚಬಹುದು, ಬಲವನ್ನು ತರಲಾಗದು.

ಬ್ರೇಕಿನ ದ್ರವವೂ ಮುಪ್ಪಾಗುತ್ತದೆ. ಅದು ಗಾಳಿಯಲ್ಲಿರುವ ತೇವವನ್ನು ಮೆಲ್ಲಮೆಲ್ಲನೆ ಹೀರಿಕೊಳ್ಳುವ ವಸ್ತು. 'ಡಾಟ್ 4' ಎಂಬ ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮವಿದೆ. ತೇವ ಸೇರಿದ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವದಂತಲ್ಲದೆ ಆವಿ ಸುಲಭವಾಗಿ ಕುಗ್ಗುವುದರಿಂದ, ಪೆಡಲು ನೆಲದವರೆಗೆ ಹೋದರೂ ಬ್ರೇಕು ಹಿಡಿಯದು.

ಟೈರಿನ ವಿಷಯದಲ್ಲಿ ಅನೇಕರು ತಪ್ಪು ತಿಳಿದಿದ್ದಾರೆ. ಹೇಗೂ ಜಾರಬೇಕಷ್ಟೆ, ಹಳೆಯ ಟೈರೇ ಸಾಲದೆ ಎಂದು ಅವರ ವಾದ. ಮುಂಚಕ್ರಗಳಿಗಂತೂ ಒಳ್ಳೆಯ ಹಿಡಿತವಿರುವ ಹೊಸ ಟೈರೇ ಬೇಕು. ಹಿಂಚಕ್ರಗಳಿಗೆ ಹಿಡಿತ ತುಸು ಕಡಮೆಯಾದುದು ಸಾಕು. ಆದರೆ ಅದು ಒಡೆಯದಿರಬೇಕು. ಜಾರಾಟದ ಬಿಸಿಗೆ ಹೊಗೆಯೇಳುವ ಟೈರು ಮೊದಲೇ ಗಡುಸಾಗಿ ಬಿರಿದಿದ್ದರೆ ಸಿಡಿಯಬಹುದು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳು ಅದರ ಜನ್ಮಪತ್ರಿಕೆ: '2319' ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು.

ಇನ್ನು ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಚಕ್ರ ಒಳಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕು. ಎಇ86ರ ಹಿಂಚಕ್ರಗಳ ನಡುವಣ ಅಂತರ ಸುಮಾರು 1.35 ಮೀಟರು, ಕಾರು ಒಂದು ಪೂರ್ಣ ವೃತ್ತ ಸುತ್ತಿದರೆ ಹೊರಚಕ್ರ ಸುಮಾರು 8.5 ಮೀಟರು ಹೆಚ್ಚು ಉರುಳಿರುತ್ತದೆ. ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ಸುತ್ತಲು ಅವಕಾಶ ಕೊಡುವುದೇ ಡಿಫರೆನ್ಷಿಯಲ್ಲಿನ ಕೆಲಸ. ಆದರೆ ಅದು ಎರಡಕ್ಕೂ ಸಮನಾದ ತಿರುಚುಬಲವನ್ನೇ ಹಂಚುತ್ತದೆ. ತಿರುವಿನಲ್ಲಿ ಭಾರ ಹೊರಗಡೆಗೆ ವಾಲಿದಾಗ, ಹಗುರಾದ ಒಳಚಕ್ರ ಸುಮ್ಮನೆ ಸುತ್ತುತ್ತದೆ. ಹೊರಚಕ್ರಕ್ಕೂ ಅಷ್ಟೇ ಅಲ್ಪ ಬಲ ದೊರೆತು ಜಾರಾಟ ಅಲ್ಲಿಗೇ ನಿಲ್ಲುತ್ತದೆ. ಆದುದರಿಂದ ಎರಡು ಚಕ್ರಗಳ ವೇಗದ ವ್ಯತ್ಯಾಸವನ್ನು ತಡೆಯುವ 'ಲಿಮಿಟೆಡ್ ಸ್ಲಿಪ್' ಡಿಫರೆನ್ಷಿಯಲ್ಲನ್ನು ಅಳವಡಿಸುತ್ತಾರೆ. ಹಣವಿಲ್ಲದವರು ಒಳಗಿನ ಹಲ್ಲುಗಾಲಿಗಳನ್ನೇ ಬೆಸೆದುಬಿಡುವುದುಂಟು. ಬೆಸುಗೆ ಅಗ್ಗವಾದರೂ, ಸಾಧಾರಣ ರಸ್ತೆಯ ಪ್ರತಿ ತಿರುವಿನಲ್ಲಿಯೂ ಟೈರು ತೇಯುತ್ತದೆ, ಅಚ್ಚು ಹಿಂಸೆಪಡುತ್ತದೆ.

ಹಿಂಭಾಗ ಹೊರಕ್ಕೆ ಜಾರಿದಾಗ ಚಾಲಕ ಸ್ಟಿಯರಿಂಗನ್ನು ತಿರುವಿನ ಎದುರುದಿಕ್ಕಿಗೆ ತಿರುಗಿಸುತ್ತಾನೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ಕಾರಿನ ಮೈ ಎತ್ತ ತಿರುಗಿದ್ದರೂ ಮುಂಚಕ್ರಗಳು ಕಾರು ಸಾಗುತ್ತಿರುವ ದಿಕ್ಕನ್ನು ನೋಡುತ್ತಿರಬೇಕು, ಅಷ್ಟೆ. ಸಾಮಾನ್ಯ ಕಾರಿನಲ್ಲಿ ಮುಂಚಕ್ರ ಹೊರಳುವುದು 35ರಿಂದ 40 ಡಿಗ್ರಿಯ ಆಸುಪಾಸಿನವರೆಗೆ. ಕಾರು ಅದಕ್ಕಿಂತ ಬಹಳ ಓರೆಯಾದರೆ ಬುಗುರಿಯಂತೆ ಸುತ್ತಿಹೋಗುತ್ತದೆ. ಆದುದರಿಂದ ಚಕ್ರವನ್ನು ತಿರುಗಿಸುವ ತೋಳನ್ನು ಗಿಡ್ಡದಾಗಿ ಮಾಡುತ್ತಾರೆ. ಸನ್ನೆಯ ತೋಳು ಗಿಡ್ಡವಾದಷ್ಟೂ ಅದೇ ತಳ್ಳಿಕೆಗೆ ಕೋನ ಹೆಚ್ಚು.

ಜಾರಿಕೆಯನ್ನು ಆರಂಭಿಸುವ ಉಪಾಯಗಳಲ್ಲಿ ಬ್ರೇಕು ಒಂದು. ಚಾಲಕನೂ ಸೇರಿ 1000 ಕಿಲೋಗ್ರಾಂ ತೂಗುವ ಕಾರಿನ ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರು ಎತ್ತರದಲ್ಲಿದೆಯೆನ್ನೋಣ. ಎಇ86ರ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2.4 ಮೀಟರು ಅಂತರ. ಬಲವಾಗಿ ಬ್ರೇಕು ಹಾಕಿ ಸೆಕೆಂಡಿಗೆ 7 ಮೀಟರಿನಂತೆ ವೇಗವನ್ನು ತಗ್ಗಿಸಿದರೆ, ಸುಮಾರು 150 ಕಿಲೋಗ್ರಾಂ ಭಾರ ಹಿಂಚಕ್ರಗಳಿಂದ ಮುಂಚಕ್ರಗಳಿಗೆ ಸಾಗುತ್ತದೆ. ಹಗುರಾದ ಹಿಂಚಕ್ರಗಳನ್ನು ಆ ಕ್ಷಣದಲ್ಲಿ ಕೈಬ್ರೇಕು ತಡೆದರೆ ಅವು ಜಾರದೆ ಇರಲಾರವು. ಹಳೆಯ ಕಾರಿನಲ್ಲಿ ಕೈಬ್ರೇಕಿನ ಕೇಬಲ್ಲು ನೀಳವಾಗಿ ಸಡಿಲಿರುತ್ತದೆ. ಅದನ್ನು ಸರಿಪಡಿಸುವುದು ಚಿಕ್ಕ ಕೆಲಸವಾದರೂ ಅಗತ್ಯ.

ಜಾರಾಟದಲ್ಲಿ ಎಂಜಿನು ಬಿರುಸಾಗಿ ಸುತ್ತುತ್ತದೆ, ಕಾರಿನ ವೇಗವಾದರೋ ಅಲ್ಪ. ಮೇಲಾಗಿ ಕಾರು ಓರೆಯಾಗಿರುವುದರಿಂದ ರೇಡಿಯೇಟರಿಗೆ ಗಾಳಿ ನೇರವಾಗಿ ಬಡಿಯದು. ಕಟ್ಟಿಕೊಂಡ ಹಳೆಯ ರೇಡಿಯೇಟರು ಈ ಶಾಖವನ್ನು ತಾಳಲಾರದು. ತಳದ ತಟ್ಟೆಯಲ್ಲಿರುವ ಎಣ್ಣೆ ಒಂದು ಮಗ್ಗುಲಿಗೆ ಸರಿದರೆ ಪಂಪು ಗಾಳಿಯನ್ನು ಹೀರಿ ಬೇರಿಂಗುಗಳು ಕ್ಷಣದಲ್ಲಿ ಸುಟ್ಟುಹೋಗಬಹುದು. ಆದುದರಿಂದ ಎಣ್ಣೆಯ ಮಟ್ಟ ಸರಿಯಾಗಿರಬೇಕು. ಅದು ಹರಿದಾಡದಂತೆ ತಟ್ಟೆಯಲ್ಲಿ ಅಡ್ಡಪಟ್ಟಿಗಳನ್ನು ಬೆಸೆಯುವುದೂ ಉಂಟು.

ಇವೆಲ್ಲ ಮುಗಿದ ಮೇಲೆ ಪ್ರಾಣರಕ್ಷಣೆಯ ಸಿದ್ಧತೆ: ಬ್ಯಾಟರಿಯನ್ನು ಅಲುಗದಂತೆ ಬಿಗಿಯುವುದು, ಒಳಗಿನ ಬಿಡಿವಸ್ತುಗಳನ್ನೆಲ್ಲ ತೆಗೆಯುವುದು, ಗಟ್ಟಿಯಾದ ಆಸನ ಮತ್ತು ಪಟ್ಟಿಗಳು, ಶಿರಸ್ತ್ರಾಣ, ಬೆಂಕಿ ಆರಿಸುವ ಸಾಧನ, ಕಾರು ಮಗುಚಿದರೂ ಛಾವಣಿ ಕುಸಿಯದಂತೆ ತಡೆಯುವ ಉಕ್ಕಿನ ಕೊಳವೆಗಳ ಪಂಜರ. ಆದರೆ ಇವೆಲ್ಲಕ್ಕಿಂತ ದೊಡ್ಡ ರಕ್ಷಣೆ ಕಣವೇ. ಘಟ್ಟದ ರಸ್ತೆಯಲ್ಲಿ ಹುಟ್ಟಿದ ಈ ಆಟ ಬೇಲಿ ಹಾಕಿದ ಕಣಕ್ಕೆ ಬಂದುದು ಮೇಲಾಯಿತು. ಕಣದಲ್ಲಿ ಕಾರು ಸುತ್ತಿಹೋದರೆ ಚಾಲಕ ಕಳೆದುಕೊಳ್ಳುವುದು ಹೆಚ್ಚಾಗಿ ಅಂಕಗಳನ್ನು. ಸಾರ್ವಜನಿಕ ರಸ್ತೆಯಲ್ಲಾದರೆ ಎದುರು ಬರುವವನ ಪ್ರಾಣವನ್ನೇ ಪಣವಿಟ್ಟಂತಾಗುತ್ತದೆ.

ಜಾರಾಟದ ಗೊಡವೆಯೇ ಇಲ್ಲದ ಓದುಗರಿಗೂ ಇದರಿಂದ ಪ್ರಯೋಜನವುಂಟು. ಮಳೆಯಲ್ಲಿ ನೆನೆದ ರಸ್ತೆಯ ಮೇಲೆ ನಮ್ಮೆಲ್ಲರ ಕಾರುಗಳಿಗೂ ಅನ್ವಯಿಸುವುದು ಇದೇ ನಿಯಮ. ಅಲ್ಲಿ ಹಂಚಿಕೊಳ್ಳಲು ಇರುವ ಪಾಲುಗಳು ಮಾತ್ರ ಹತ್ತಕ್ಕಿಂತ ಕಡಮೆ. ಮುಂದಿನ ಮಳೆಗಾಲಕ್ಕೆ ಮುನ್ನ ತಮ್ಮ ಕಾರಿನ ಟೈರಿನ ಮೇಲಿರುವ ಆ ನಾಲ್ಕು ಅಂಕಿಗಳನ್ನು ಒಮ್ಮೆ ಓದಿ ನೋಡುವುದು, ಬ್ರೇಕಿನ ದ್ರವವನ್ನು ಬದಲಿಸಿ ಎಷ್ಟು ಕಾಲವಾಯಿತೆಂದು ನೆನೆದುಕೊಳ್ಳುವುದು ಒಳ್ಳೆಯದು.