ಕೇದಗೆಯ ತೈಲ: ಉಪಯೋಗ ಮತ್ತು ಮೌಲ್ಯ

ಕೇದಗೆಯ ಪರಿಚಯವಿಲ್ಲದ ಕನ್ನಡಿಗರು ವಿರಳ. ತಾಳೆಹೂವೆಂದು ಕರೆದು ಹೆಣ್ಣುಮಕ್ಕಳ ಜಡೆಯಲ್ಲಿ ಹೆಣೆದು ಮುಡಿಸುವ ಹೂವದು. ಅದರ ಆಕಾರದಿಂದ ಹೆಸರು ಪಡೆದ ತಲೆಯೊಡವೆಯೂ ಉಂಟು. ತುಳುನಾಡಿನಲ್ಲಿ ಇದೇ ಕುಲದ ಮುಂಡೇವಿನ ಗರಿಯಿಂದ ಚಾಪೆ ಹೆಣೆಯುತ್ತಾರೆ. ಅಷ್ಟಮಿ, ಚೌತಿಗಳಿಗೆ ಮೂಡೆಯ ಕೊಟ್ಟೆಗಳನ್ನು ಸುತ್ತುತ್ತಾರೆ. ಮುಂಬಯಿಯ ದಾದರಿನ ಹೂವಿನ ಪೇಟೆಯಲ್ಲಿ ಗಣೇಶನ ಹಬ್ಬದ ಹೊತ್ತಿಗೆ ಕೇವಡಾ ಎಂಬ ಹೆಸರಿನಿಂದ ಮಾರಾಟವಾಗುವುದೂ ಇದೇ ಹೂವು. ಆದರೆ ಈ ಪರಿಮಳವನ್ನು ತೈಲರೂಪದಲ್ಲಿ ಹಿಡಿದಿಡುವ ಉದ್ಯಮ ಕನ್ನಡ ಕರಾವಳಿಯಲ್ಲಿ ಬೆಳೆಯಲಿಲ್ಲ. ಅದು ನೆಲೆಯೂರಿದುದು ಪೂರ್ವ ಕರಾವಳಿಯಲ್ಲಿ, ಒಡಿಶಾದ ಗಂಜಾಂ ಜಿಲ್ಲೆಯಲ್ಲಿ.

ಇದು ಶ್ರೀರಂಗಪಟ್ಟಣದ ನೆರೆಯ ಗಂಜಾಂ ಅಲ್ಲವೆಂದು ಹೇಳಿಬಿಡುವುದು ಒಳ್ಳೆಯದು. ಒಡಿಶಾದ ಗಂಜಾಂ 1936ರವರೆಗೆ ನಮ್ಮ ಬಳ್ಳಾರಿ, ದಕ್ಷಿಣ ಕನ್ನಡಗಳಂತೆಯೇ ಮದರಾಸು ಪ್ರಾಂತಕ್ಕೆ ಸೇರಿತ್ತು. ಅಲ್ಲಿ ಛತ್ರಪುರ, ಗೋಪಾಲಪುರಗಳ ಸುತ್ತಿನ ಮರಳುನೆಲದಲ್ಲಿ ಹೊಲದ ಬದುಗಳಿಗೆ ಕೇದಗೆಯೇ ಬೇಲಿ. ಈ ಜಾತಿಯಲ್ಲಿ ಗಂಡುಗಿಡ, ಹೆಣ್ಣುಗಿಡಗಳು ಬೇರೆ ಬೇರೆ. ಹೆಣ್ಣುಗಿಡ ಅನಾನಸನ್ನು ಹೋಲುವ ಕಾಯಿ ಬಿಡುತ್ತದೆ. ಸುಗಂಧವೆಲ್ಲ ಗಂಡುಗಿಡದ ಹೂಗೊಂಚಲಿಗೆ, ಅದನ್ನು ಮುಚ್ಚಿಕೊಂಡಿರುವ ಬಿಳಿಹಳದಿ ಎಸಳುಗಳಿಗೆ ಮೀಸಲು. ಆದುದರಿಂದ ರೈತನು ಬೀಜ ಬಿತ್ತದೆ ಗಂಡುಗಿಡದ ಕಂದುಗಳನ್ನೇ ಕಿತ್ತು ನೆಡುತ್ತಾನೆ. ಹೂ ಕಾಣಲು ಮೂರು ನಾಲ್ಕು ವರ್ಷ ಬೇಕು. ಮಳೆಗಾಲದ ಬೆಳೆಯೇ ಹೇರಳವಾದದ್ದು.

ಹೂವನ್ನು ನಸುಕಿನಲ್ಲೇ ಕೊಯ್ಯಬೇಕು. ಕೊಯ್ದ ಕೆಲವೇ ಗಂಟೆಗಳಲ್ಲಿ ಭಟ್ಟಿಗೆ ಹಾಕಬೇಕು. ತಡವಾದಂತೆ ಪರಿಮಳ ಗಾಳಿಪಾಲಾಗುತ್ತದೆ. ಈ ಒಂದು ಸಂಗತಿ ಇಡೀ ವ್ಯಾಪಾರದ ಸ್ವರೂಪವನ್ನು ನಿರ್ಧರಿಸಿದೆ ಎನ್ನಬಹುದು. ಭಟ್ಟಿಗಳು ಹೂವಿರುವ ಹಳ್ಳಿಗಳಲ್ಲೇ ಇರಬೇಕಾಯಿತು. ಎಣಿಕೆಯ ಮೇಲೆ ಹೂ ಮಾರುವ ರೈತನಿಗೆ ಒಳ್ಳೆಯ ದರ ಬರಲೆಂದು ಕಾಯುವ ಅವಕಾಶವಿಲ್ಲವಾಯಿತು. ಭತ್ತವನ್ನು ಕಣಜದಲ್ಲಿಟ್ಟು ಕಾಯಬಹುದು, ಕೇದಗೆಯನ್ನಲ್ಲ. ಬೆಲೆ ಕಟ್ಟುವ ಬಲವೆಲ್ಲ ಸಹಜವಾಗಿಯೇ ಭಟ್ಟಿಯವನ ಪಾಲಾಗುತ್ತದೆ.

ಭಟ್ಟಿ ಇಳಿಸುವ ಕ್ರಮ ಉತ್ತರ ಪ್ರದೇಶದ ಕನೌಜಿನದು. (ಸುಮಾರು 916ರಲ್ಲಿ ರಾಷ್ಟ್ರಕೂಟರ ಮೂರನೆಯ ಇಂದ್ರನು ಗೆದ್ದ ಆ ಪಟ್ಟಣದ ಹೆಸರು ಕನ್ನಡ ಚರಿತ್ರೆಯ ಓದುಗರಿಗೆ ಹೊಸದೇನಲ್ಲ.) ದೇಗ್ ಎಂಬ ತಾಮ್ರದ ಹಂಡೆಯಲ್ಲಿ ಹೂ ಮತ್ತು ನೀರನ್ನು ತುಂಬಿ, ಮುಚ್ಚಳದ ಸಂದನ್ನು ಜೇಡಿಮಣ್ಣಿನಿಂದ ಮೆತ್ತಿ, ಅಡಿಯಲ್ಲಿ ಸೌದೆಯ ಉರಿ ಹಾಕುತ್ತಾರೆ. ಎದ್ದ ಆವಿ ಬಿದಿರಿನ ಕೊಳವೆಯ ಮೂಲಕ ಭಪಕಾ ಎಂಬ ಇನ್ನೊಂದು ತಾಮ್ರದ ಪಾತ್ರೆಗೆ ಇಳಿಯುತ್ತದೆ. ನೀರಿನ ತೊಟ್ಟಿಯಲ್ಲಿ ಮುಳುಗಿರುವ ಆ ಪಾತ್ರೆಯಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಕಾದಿರುತ್ತದೆ. ತಣಿದ ಆವಿಯ ಪರಿಮಳವನ್ನು ಎಣ್ಣೆ ಹೀರಿಕೊಳ್ಳುತ್ತದೆ. ಕೆಳಗೆ ನಿಂತ ನೀರನ್ನು ಬಸಿದು ಮತ್ತೆ ಹಂಡೆಗೇ ಹುಯ್ದು, ಹೊಸ ಹೂವಿನೊಡನೆ ಮರುದಿನ ಇದೇ ಕೆಲಸ ನಡೆಯುತ್ತದೆ. ಎಣ್ಣೆಗೆ ಪರಿಮಳ ತುಂಬುವವರೆಗೂ ಹೀಗೆಯೇ. ಉರಿಯ ಹದವನ್ನೂ ಪಾತ್ರೆಯ ತಂಪನ್ನೂ ಕೈಮುಟ್ಟಿ ತಿಳಿಯುವ ಕುಶಲಿಗಳು ಈ ಕಸುಬಿನಲ್ಲಿದ್ದಾರೆ.

ಶ್ರೀಗಂಧದೊಡನೆ ಬೆರೆತದ್ದು ಅತ್ತರು. ಗಂಧದೆಣ್ಣೆಯಿಲ್ಲದೆ ಪ್ರತ್ಯೇಕವಾಗಿ ಇಳಿಸಿದ ಶುದ್ಧ ತೈಲ ರೂಹ್. ಗಂಜಾಮಿನ ಕೇವಡಾ ರೂಹ್‌ಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಪರಿಮಳ ಹಿಡಿದ ನೀರು ಕೇವಡಾ ಜಲ. ಗಂಧದೆಣ್ಣೆ ಇಲ್ಲಿ ಬರಿಯ ವಾಹಕವಲ್ಲ. ಬೇಗನೆ ಆರಿಹೋಗದ ಆ ಎಣ್ಣೆ ಹೂವಿನ ಚಂಚಲ ಗಂಧವನ್ನು ಚರ್ಮದ ಮೇಲೆ, ಬಟ್ಟೆಯ ಮೇಲೆ ಬಹು ಹೊತ್ತು ನಿಲ್ಲಿಸುತ್ತದೆ. ಅತ್ತರಿಗೂ ಮೈಸೂರಿಗೂ ಕೊಂಡಿ ಬೆಸೆದುದು ಇಲ್ಲಿಯೇ. ಮೊದಲ ಮಹಾಯುದ್ಧದಿಂದಾಗಿ ಜರ್ಮನಿಗೆ ಶ್ರೀಗಂಧದ ಮರ ಹೋಗುವುದು ನಿಂತಾಗ, 1916ರಲ್ಲಿ ಆಲ್ಫ್ರೆಡ್ ಚಾಟರ್ಟನ್ನರ ಮುಂದಾಳುತನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಸಡ್ಬರೊ ಮತ್ತು ವಾಟ್ಸನ್ ಗಂಧದೆಣ್ಣೆ ಇಳಿಸಿ ತೋರಿಸಿದರು. ಮೈಸೂರು ಸರ್ಕಾರದ ಎಣ್ಣೆ ಕಾರ್ಖಾನೆ ಅದರ ಫಲ. ಮುಂದೆ ಕಾಡುಗಳಲ್ಲಿ ಶ್ರೀಗಂಧ ಕ್ಷಯಿಸಿ ಎಣ್ಣೆಯ ಬೆಲೆ ಏರಿದಂತೆ, ಅತ್ತರಿನ ಭಪಕಾಗಳಲ್ಲಿ ಗಂಧದೆಣ್ಣೆಯ ಸ್ಥಾನಕ್ಕೆ ದ್ರವ ಪ್ಯಾರಫಿನ್ ಬಂದು ಕುಳಿತಿತು. ಪ್ಯಾರಫಿನ್ ಅಗ್ಗ, ನಿರ್ಗಂಧ. ಆದರೆ ಪರಿಮಳವನ್ನು ಹಿಡಿದಿಡುವ ಗುಣದಲ್ಲಿ ಅದಕ್ಕೂ ಗಂಧದೆಣ್ಣೆಗೂ ಹೋಲಿಕೆಯೇ ಇಲ್ಲ. ಸೀಸೆಯ ಮೇಲಿನ ಹೆಸರು ಮಾತ್ರ ಅತ್ತರು ಎಂದೇ ಉಳಿಯಿತು.

ಇನ್ನೊಂದು ಬಗೆಯ ಬದಲಿ ರಸಾಯನಶಾಲೆಯಿಂದ ಬಂದಿತು. ಕೇದಗೆಯ ತೈಲದಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಫೀನೈಲ್ ಈಥೈಲ್ ಮೀಥೈಲ್ ಈಥರ್ ಎಂಬ ಒಂದೇ ವಸ್ತು ಇರುತ್ತದೆ. ಇದು ಗುಲಾಬಿಯ ಪರಿಮಳದಲ್ಲಿರುವ ಫೀನೈಲ್ ಈಥೈಲ್ ಆಲ್ಕೋಹಾಲಿನ ಹತ್ತಿರದ ಬಂಧು. ಕಾರ್ಖಾನೆಯಲ್ಲಿ ಸುಲಭವಾಗಿ ತಯಾರಾಗುತ್ತದೆ. ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ಕೇವಡಾ ಎಸೆನ್ಸಿನ ಮೂಲ ಬಹುಮಟ್ಟಿಗೆ ಇದು. ಅದು ವಿಷವೆಂದು ಹೇಳಿದರೆ ಅನ್ಯಾಯವಾದೀತು. ಆದರೆ ಉಳಿದ ಒಂದು ಪಾಲಿನಲ್ಲಿರುವ ಟರ್ಪಿನೆನ್-ನಾಲ್ಕು-ಓಲ್ ಮೊದಲಾದ ಘಟಕಗಳಿಂದ ಹೂವಿಗೆ ಬರುವ ಹಸುರು ಕಂಪು ಅದರಲ್ಲಿಲ್ಲ. ಹೂವನ್ನು ಮುಡಿದು ಬಲ್ಲವರ ಮೂಗಿಗೆ ಈ ಕೊರತೆ ಕೂಡಲೇ ಗೊತ್ತಾಗುತ್ತದೆ.

ಭಟ್ಟಿಯ ವಿಧಾನ ಬಳಕೆಗೆ ಬರುವ ಮುನ್ನ ಎಳ್ಳನ್ನು ಹೂವಿನ ಪದರಗಳ ನಡುವೆ ಇಟ್ಟು ವಾಸನೆ ಹಿಡಿಸಿ ಹಿಂಡುವ ರೂಢಿ ದೇಶದಲ್ಲಿತ್ತು. ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದ ಸ್ನಾನಭೋಗದಲ್ಲಿ ಇಂಥ ತೈಲದ ಮಾತು ಬರುತ್ತದೆ. ಅದಕ್ಕೂ ಒಂದು ಶತಮಾನ ಹಿಂದೆ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ಕನ್ನಡದಲ್ಲೇ ರಚಿಸಿದ ಲೋಕೋಪಕಾರವು ಗಂಧಯುಕ್ತಿಗೆ ಒಂದು ಪ್ರಕರಣವನ್ನು ಮೀಸಲಿಟ್ಟಿದೆ. ಪುಣೆಯ ಭಂಡಾರಕರ್ ಸಂಶೋಧನ ಮಂದಿರದ ಪಿ. ಕೆ. ಗೋಡೆಯವರು ಗಂಧಶಾಸ್ತ್ರದ ಸಂಸ್ಕೃತ ಹಸ್ತಪ್ರತಿಗಳ ಮೇಲೆ ಮಾಡಿದಷ್ಟು ಕೆಲಸ ನಮ್ಮ ಕನ್ನಡ ಪ್ರಕರಣದ ಮೇಲೆ ನಡೆದರೆ ಸಾರ್ಥಕವಾದೀತು.

ಉಪಯೋಗಗಳಲ್ಲಿ ಸಂದೇಹಕ್ಕೆ ಎಡೆಯಿಲ್ಲದ್ದು ಅಡುಗೆಯದು. ಲಖನೌ, ದೆಹಲಿಗಳ ಬಿರಿಯಾನಿಗೆ, ಬಂಗಾಳದ ಛೇನಾ ಸಿಹಿಗಳಿಗೆ, ಶರಬತ್ತಿಗೆ ಕೇವಡಾ ಜಲದ ಕೆಲವು ಹನಿಗಳು ಸಾಕು. ಅವನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು, ಕುದಿಸಿದರೆ ಗಂಧ ಹಾರಿಹೋಗುತ್ತದೆ. ಔಷಧದ ವಿಷಯದಲ್ಲಿ ಅಷ್ಟು ನಿಶ್ಚಯದಿಂದ ಹೇಳಲಾಗದು. ತಲೆನೋವು, ಕಿವಿನೋವು, ಕೀಲುವಾಯುಗಳಿಗೆ ಇದನ್ನು ಬಳಸುವ ಸಂಪ್ರದಾಯವಿದೆ. ಎಣ್ಣೆಯಲ್ಲಿ ಬೆರೆಸಿ ತಿಕ್ಕಿದಾಗ ಹಿತವೆನಿಸುವುದೂ ನಿಜ. ಆದರೆ ಆ ಹಿತದಲ್ಲಿ ತಿಕ್ಕಿದ ಕೈಯದೆಷ್ಟು, ಪರಿಮಳದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಸಂಪ್ರದಾಯದ ಮನ್ನಣೆಯನ್ನೇ ವೈದ್ಯಕೀಯ ಪ್ರಮಾಣವೆಂದು ಎಣಿಸಬಾರದು. ಶುದ್ಧ ತೈಲವನ್ನು ಹಾಗೆಯೇ ಚರ್ಮಕ್ಕೆ ಹಚ್ಚುವುದು, ಕಿವಿಗೆ ಬಿಡುವುದು, ಕುಡಿಯುವುದು ಅವಿವೇಕ. ಕಿವಿ ನೋಯುತ್ತಿದ್ದರೆ ಹೋಗಬೇಕಾದುದು ವೈದ್ಯರಲ್ಲಿಗೆ.

ಆದರೆ ಗಂಜಾಮಿನ ರೈತನ ಜೀವನವನ್ನು ಬಹುಕಾಲ ನಡೆಸಿದ್ದು ಬಿರಿಯಾನಿಯೂ ಅಲ್ಲ, ಔಷಧವೂ ಅಲ್ಲ. ಜರ್ದಾ, ಪಾನ್ ಮಸಾಲೆ, ಗುಟ್ಕಾಗಳು. ಕೇದಗೆಯ ಪರಿಮಳದ ದೊಡ್ಡ ಗಿರಾಕಿ ಬಾಯಿಗೆ ರೋಗ ತರುವ ಪದಾರ್ಥ ಎಂಬುದು ಈ ಉದ್ಯಮದ ಅತ್ಯಂತ ಅಹಿತಕರ ಸತ್ಯ. ಆಹಾರದಲ್ಲಿ ತಂಬಾಕನ್ನು ಬೆರೆಸಬಾರದೆಂಬ 2011ರ ನಿಯಮದ ಬೆನ್ನಿಗೆ, 2012ರಿಂದ ರಾಜ್ಯಗಳು ಒಂದೊಂದಾಗಿ ಗುಟ್ಕಾವನ್ನು ನಿಷೇಧಿಸಿದವು. ನಿಷೇಧ ನ್ಯಾಯವಾದುದೇ, ಆದರೆ ಅದರ ಹೊರೆಯಲ್ಲಿ ಒಂದು ಪಾಲು, ತಂಬಾಕನ್ನು ಎಂದೂ ಬೆಳೆಯದ ಹೂವಿನವನ ಮೇಲೂ ಬೀಳುವಂತಾಯಿತು. ಅದರ ಮರುವರ್ಷವೇ, 2013ರ ಅಕ್ಟೋಬರ್ 12ರಂದು, ಫೈಲಿನ್ ಚಂಡಮಾರುತ ಗೋಪಾಲಪುರದ ಬಳಿ ದಡ ಹೊಕ್ಕು ಕೇದಗೆಯ ಬೇಲಿಗಳನ್ನು ಧ್ವಂಸ ಮಾಡಿತು.

ಅತ್ತರು ಕೊಳ್ಳುವವರು ಒಂದು ಹನಿಯನ್ನು ಮಣಿಕಟ್ಟಿಗೆ ಹಚ್ಚಿ, ಬೆಲೆ ಕೇಳುವ ಮುನ್ನ ಕೆಲವು ಗಂಟೆ ತಾಳುವುದು ಲೇಸು. ಮೊದಲ ಕಂಪು ಇಳಿದ ಮೇಲೆ ಶ್ರೀಗಂಧದ ಮೆಲ್ಲನೆಯ ವಾಸನೆ ಉಳಿಯಬೇಕು. ಬರಿಯ ಜಿಡ್ಡು ಉಳಿದರೆ, ತಳದಲ್ಲಿದ್ದುದು ಪ್ಯಾರಫಿನ್ ಎಂದು ಶಂಕಿಸಲು ಕಾರಣವಿದೆ.